ನೆಕ್ಕಾರ್ ತೀರದ ಟ್ಯೂಬಿಂಗೆನ್‌ನಲ್ಲಿ ಒಂದು ದಿನ

ಜರ್ಮನಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದುಬಾರಿ ಕಾರುಗಳು, ದೊಡ್ಡ ಕಾರ್ಖಾನೆಗಳು ಮತ್ತು ಬರ್ಲಿನ್ ಗೋಡೆ. ಊರಿನಿಂದ ಬಂದ ಬಂಧುಗಳು ಕೂಡಾ ಬರ್ಲಿನ್, ಮ್ಯೂನಿಕ್, ಫ್ರಾಂಕ್‌ಫರ್ಟ್‌ಗಳನ್ನು ನೋಡಿ ಮರಳುತ್ತಾರೆ. ಆದರೆ ಈ ದೇಶದ ನಿಜವಾದ ಚೆಲುವು ಇರುವುದು ನದಿ ತೀರದ ಸಣ್ಣ ಹಳೆಯ ಪಟ್ಟಣಗಳಲ್ಲಿ. ಅಂಥ ಪಟ್ಟಣಗಳಲ್ಲಿ ಒಂದು ಟ್ಯೂಬಿಂಗೆನ್. ಈ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ. ಆದರೆ ಕನ್ನಡ ಓದಲು ಬಲ್ಲ ಪ್ರತಿಯೊಬ್ಬರ ಮೇಲೂ ಈ ಪಟ್ಟಣದ ಸಣ್ಣದೊಂದು ಋಣವಿದೆ ಎಂದರೆ ನೀವು ಅಚ್ಚರಿಪಡಬಹುದು.

ನಾವಿರುವುದು ಸ್ಟುಟ್‌ಗಾರ್ಟ್ ನಗರದ ಸಮೀಪ. ಬೇಸಿಗೆ ರಜೆಯ ಒಂದು ಶನಿವಾರ ಬೆಳಿಗ್ಗೆ ನಾವು ಐದು ಮಂದಿ - ನಾನು, ಪತಿ, ಇಬ್ಬರು ಮಕ್ಕಳು ಮತ್ತು ಊರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ಅತ್ತೆ - ಟ್ಯೂಬಿಂಗೆನ್‌ಗೆ ಹೊರಟೆವು. ಇಲ್ಲಿ ರಾಜ್ಯದೊಳಗೆ ಓಡಾಡಲು ಐದು ಜನರವರೆಗೆ ಒಟ್ಟಾಗಿ ಬಳಸಬಹುದಾದ ಒಂದು ದಿನದ ಟಿಕೆಟ್ ಸಿಗುತ್ತದೆ. ಕುಟುಂಬದವರಿಗೆ ಇದು ಬಹಳ ಅನುಕೂಲ. ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಬಹಳಷ್ಟು ದೂರ ನೆಕ್ಕಾರ್ ನದಿಯ ಪಕ್ಕದಲ್ಲೇ ರೈಲು ಸಾಗುತ್ತದೆ. ಕಪ್ಪು ಅರಣ್ಯವೆಂದು ಕರೆಯುವ ಪ್ರದೇಶದ ಅಂಚಿನಲ್ಲಿ ಹುಟ್ಟುವ ಈ ನದಿ ಸುಮಾರು 360 ಕಿಲೋಮೀಟರ್ ಹರಿದು ಮಾನ್‌ಹೈಮ್ ನಗರದ ಬಳಿ ರೈನ್ ನದಿಯನ್ನು ಸೇರುತ್ತದೆ.

"ನಮ್ಮ ನೇತ್ರಾವತಿಯಷ್ಟು ಅಗಲ ಇಲ್ಲವಲ್ಲ" ಎಂದರು ಅತ್ತೆ ಕಿಟಕಿಯಿಂದ ನೋಡುತ್ತಾ. ಹೌದು, ನೆಕ್ಕಾರ್ ಸಣ್ಣ ನದಿ. ಆದರೆ ಅದರ ದಡದಲ್ಲಿ ಬೆಳೆದ ಹೆಸರುಗಳು ಸಣ್ಣವಲ್ಲ.

ಸೇತುವೆಯ ಮೇಲಿನಿಂದ

ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ನೆಕ್ಕಾರ್ ಸೇತುವೆ ಸಿಗುತ್ತದೆ. ಟ್ಯೂಬಿಂಗೆನ್‌ನ ಎಲ್ಲ ಚಿತ್ರಗಳಲ್ಲೂ ಕಾಣುವ ದೃಶ್ಯ ಇಲ್ಲಿಯದ್ದೇ. ನೀರಿನ ಅಂಚಿಗೆ ಹಳೆಯ ಕೋಟೆ ಗೋಡೆ, ಅದರ ಮೇಲೆ ಒಂದಕ್ಕೊಂದು ಅಂಟಿಕೊಂಡು ನಿಂತ ಹಳದಿ, ಗುಲಾಬಿ, ತಿಳಿ ನೀಲಿ ಬಣ್ಣದ ಮನೆಗಳು, ಕಡಿದಾದ ಹಂಚಿನ ಮಾಡುಗಳು, ಕೆಳಗೆ ನೀರಿನ ಮೇಲೆ ಬಾಗಿದ ಮರಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಅನೇಕ ಹಳೆಯ ನಗರಗಳು ಬಾಂಬಿಗೆ ಸಿಕ್ಕಿ ನೆಲಸಮವಾದವು. ಟ್ಯೂಬಿಂಗೆನ್ ಬಹುಮಟ್ಟಿಗೆ ಉಳಿಯಿತು. ಹಾಗಾಗಿ ಇಲ್ಲಿ ಕಾಣುವುದು ಹೊಸದಾಗಿ ಕಟ್ಟಿದ ಹಳೆಯದಲ್ಲ, ನಿಜಕ್ಕೂ ಹಳೆಯದು.

ಹಂಚಿನ ಮಾಡುಗಳನ್ನು ಕಂಡು ಅತ್ತೆಗೆ ಮಂಗಳೂರು ನೆನಪಾಯಿತು. ಆಕಾರ ಬೇರೆ, ಬಣ್ಣ ಮಾತ್ರ ಅದೇ. ಮಂಗಳೂರಿನಲ್ಲಿ 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಆರಂಭಿಸಿದ್ದು ಬಾಸೆಲ್ ಮಿಶನ್. ಅದರ ಕೇಂದ್ರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದರೂ ಅದರ ಕೆಲಸಕ್ಕೆ ಬಂದವರಲ್ಲಿ ಈ ನೆಕ್ಕಾರ್ ಸೀಮೆಯ ಯುವಕರು ಬಹಳ ಮಂದಿ ಇದ್ದರು.

ಸೇತುವೆಯ ನಡುವಿನಿಂದ ಮೆಟ್ಟಿಲಿಳಿದರೆ ನದಿಯ ಮಧ್ಯದ ಉದ್ದನೆಯ ದ್ವೀಪ. ಅಲ್ಲಿ ಎರಡು ಸಾಲಿನಲ್ಲಿ ಪ್ಲಾಟೇನ್ ಮರಗಳು. ಕಾಶ್ಮೀರದ ಚಿನಾರ್ ಜಾತಿಗೆ ಸೇರಿದ ಇವು ಸುಮಾರು ಇನ್ನೂರು ವರ್ಷಗಳಷ್ಟು ಹಳೆಯವು. ಆಗಸ್ಟ್ ತಿಂಗಳ ಬಿಸಿಲಿನಲ್ಲೂ ಕೆಳಗೆ ತಂಪು. ಅಲ್ಲಿನ ಬೆಂಚಿನಲ್ಲಿ ಕುಳಿತು ಮನೆಯಿಂದ ತಂದಿದ್ದ ಚಪಾತಿ, ಮೊಟ್ಟೆ ಪಲ್ಯ ತಿಂದೆವು.

ಕನ್ನಡಕ್ಕೂ ಟ್ಯೂಬಿಂಗೆನ್‌ಗೂ ಏನು ಸಂಬಂಧ?

ಟ್ಯೂಬಿಂಗೆನ್ ಒಂದು ವಿಶ್ವವಿದ್ಯಾಲಯದ ಊರು. ಎಬರ್‌ಹಾರ್ಡ್ ಎಂಬ ಸಾಮಂತ 1477ರಲ್ಲಿ ಇದನ್ನು ಸ್ಥಾಪಿಸಿದ. ಇಂದು ಊರಿನ ಜನಸಂಖ್ಯೆ ಸುಮಾರು 90 ಸಾವಿರವಾದರೆ ವಿದ್ಯಾರ್ಥಿಗಳ ಸಂಖ್ಯೆಯೇ ಸುಮಾರು 28 ಸಾವಿರ. ಬೀದಿಯಲ್ಲಿ ಎಲ್ಲಿ ನೋಡಿದರೂ ಸೈಕಲ್‌ಗಳು, ಪುಸ್ತಕದಂಗಡಿಗಳು. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಓದಿದ್ದು ಇಲ್ಲೇ.

ದ್ವೀಪದಿಂದ ಎದುರು ದಡಕ್ಕೆ ಬಂದು ಸ್ವಲ್ಪ ಮೇಲೆ ಹತ್ತಿದರೆ 'ಷ್ಟಿಫ್ಟ್' ಎಂಬ ದೊಡ್ಡ ಕಟ್ಟಡವಿದೆ. 1536ರಲ್ಲಿ ಆರಂಭವಾದ, ಧರ್ಮಶಾಸ್ತ್ರ ಓದುವ ಪ್ರಾಟೆಸ್ಟೆಂಟ್ ವಿದ್ಯಾರ್ಥಿಗಳ ವಸತಿ ಶಾಲೆಯಿದು. ತತ್ವಜ್ಞಾನಿ ಹೆಗೆಲ್, ಶೆಲ್ಲಿಂಗ್ ಮತ್ತು ಕವಿ ಹೋಲ್ಡರ್‌ಲಿನ್ ಇಲ್ಲಿ ಜೊತೆಯಾಗಿ ಓದಿದವರು. 1830ರ ಆಸುಪಾಸಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಓದಿದ ಇನ್ನಿಬ್ಬರು ಗೆಳೆಯರೆಂದರೆ ಹರ್ಮನ್ ಮೋಗ್ಲಿಂಗ್ ಮತ್ತು ಹರ್ಮನ್ ಗುಂಡರ್ಟ್. ಇಬ್ಬರೂ 1836ರಲ್ಲಿ ಭಾರತಕ್ಕೆ ಬಂದರು. ಗುಂಡರ್ಟ್ ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳಂ ನಿಘಂಟು ರಚಿಸಿದರು. ಮೋಗ್ಲಿಂಗ್ ಮಂಗಳೂರಿನಲ್ಲಿ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕಲ್ಲಚ್ಚಿನಲ್ಲಿ ಮುದ್ರಿಸಿದ ಆ ಪುಟ್ಟ ಪತ್ರಿಕೆಯೇ ಕನ್ನಡದ ಮೊತ್ತಮೊದಲ ಪತ್ರಿಕೆ. ಇಂದು ನೀವು ಕೈಯಲ್ಲಿ ಹಿಡಿದು ಓದುವ ಎಲ್ಲ ಕನ್ನಡ ಪತ್ರಿಕೆಗಳ ಅಜ್ಜ ಅದು.

ಮೂರನೆಯ ಹೆಸರು ಫರ್ಡಿನಾಂಡ್ ಕಿಟೆಲ್. ಅವರು ಹುಟ್ಟಿದ್ದು ಜರ್ಮನಿಯ ಉತ್ತರ ತುದಿಯಲ್ಲಿ. 1853ರಲ್ಲಿ ನಮ್ಮ ನಾಡಿಗೆ ಬಂದ ಅವರು ದಶಕಗಳ ಕಾಲ ಪದ ಪದವಾಗಿ ಸಂಗ್ರಹಿಸಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಸುಮಾರು 70 ಸಾವಿರ ಪದಗಳ ಆ ಗ್ರಂಥ ಅಚ್ಚಾದದ್ದು ಮಂಗಳೂರಿನಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕೊನೆಯ ದಿನಗಳನ್ನು ಇದೇ ಊರಿನಲ್ಲಿ ಕಳೆದ ಅವರು 1903ರಲ್ಲಿ ಇಲ್ಲೇ ತೀರಿಕೊಂಡರು. ಇವರೆಲ್ಲ ಬಂದದ್ದು ತಮ್ಮ ಧರ್ಮವನ್ನು ಪ್ರಚಾರ ಮಾಡಲು. ಆದರೆ ಅನ್ಯರ ಭಾಷೆಯನ್ನು ಅವರು ಪ್ರೀತಿಸಿ ಕಲಿತ ರೀತಿ ಅದಕ್ಕಿಂತಲೂ ಹೆಚ್ಚು ಕಾಲ ಬಾಳಿತು. ಇಲ್ಲಿ ಬೆಳೆಯುತ್ತಿರುವ ನನ್ನ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಲು ನಾನು ಪಡುವ ಪಾಡು ನನಗೆ ಗೊತ್ತು. ಒಬ್ಬ ಜರ್ಮನ್ ಕನ್ನಡದ 70 ಸಾವಿರ ಪದ ಕೂಡಿಹಾಕಿದ ಎಂದು ಹೇಳಿದಾಗ ಮಗ ಮಾತಿಲ್ಲದೆ ನನ್ನನ್ನೇ ನೋಡಿದ.

ಇದೇ ವಿಶ್ವವಿದ್ಯಾಲಯದಲ್ಲಿ ಇಂದು ಇಸ್ಲಾಮೀ ಧರ್ಮಶಾಸ್ತ್ರದ ಕೇಂದ್ರವೂ ಇದೆ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಇಂಥ ಕೇಂದ್ರಗಳಲ್ಲಿ ಇದು ಮೊದಲನೆಯದು. 2012ರ ಜನವರಿಯಲ್ಲಿ ಇದರ ಉದ್ಘಾಟನೆಯಾಯಿತು. ಪ್ರಾಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಧರ್ಮಶಾಸ್ತ್ರಗಳನ್ನು ಕಲಿಸುತ್ತಿದ್ದ ಊರಿನಲ್ಲಿ ಈಗ ಮುಸ್ಲಿಮ್ ಯುವಕ ಯುವತಿಯರೂ ತಮ್ಮ ಧರ್ಮಶಾಸ್ತ್ರವನ್ನು ಜರ್ಮನ್ ಭಾಷೆಯಲ್ಲಿ ಓದಿ ಪದವಿ ಪಡೆಯುತ್ತಿದ್ದಾರೆ.

ಬಡಗಿಯ ಮನೆ

ಷ್ಟಿಫ್ಟ್‌ನಿಂದ ಕೆಲವೇ ಹೆಜ್ಜೆ ಇಳಿದರೆ ನದಿಯಂಚಿನಲ್ಲಿ ಹಳದಿ ಬಣ್ಣದ ದುಂಡನೆಯ ಗೋಪುರದ ಮನೆ. ಟ್ಯೂಬಿಂಗೆನ್‌ಗೆ ಬಂದವರೆಲ್ಲ ಫೋಟೋ ತೆಗೆಯುವುದು ಇದನ್ನೇ. ಹೋಲ್ಡರ್‌ಲಿನ್ ಗೋಪುರವೆಂದು ಇದರ ಹೆಸರು. 1875ರಲ್ಲಿ ಬೆಂಕಿಗೆ ಸಿಕ್ಕಿ ಮತ್ತೆ ಕಟ್ಟಿದ ಇದು ಈಗ ವಸ್ತುಸಂಗ್ರಹಾಲಯ. ನಾನು ಕೂಡಾ ಇದೊಂದು ದೊಡ್ಡ ಕವಿಯ ಮನೆ ಎಂದೇ ತಿಳಿದು ಒಳಗೆ ಹೋದವಳು. ವಾಸ್ತವದಲ್ಲಿ ಇದು ಕವಿಯ ಮನೆಯಲ್ಲ, ಒಬ್ಬ ಬಡಗಿಯ ಮನೆ.

ಫ್ರೀಡ್ರಿಶ್ ಹೋಲ್ಡರ್‌ಲಿನ್ ಹುಟ್ಟಿದ್ದು 1770ರಲ್ಲಿ, ಇದೇ ನೆಕ್ಕಾರ್ ತೀರದ ಲೌಫೆನ್‌ನಲ್ಲಿ. ಜರ್ಮನ್ ಭಾಷೆಯ ಅತಿ ಶ್ರೇಷ್ಠ ಕವಿಗಳಲ್ಲಿ ಒಬ್ಬ. ಮೂವತ್ತರ ಪ್ರಾಯ ದಾಟುತ್ತಿದ್ದಂತೆ ಅವನ ಮನಸ್ಸಿನ ಸ್ಥಿಮಿತ ತಪ್ಪತೊಡಗಿತು. 1806ರಲ್ಲಿ ಅವನನ್ನು ಟ್ಯೂಬಿಂಗೆನ್‌ನ ಆಸ್ಪತ್ರೆಗೆ ಬಲವಂತದಿಂದ ತಂದು ಸೇರಿಸಿದರು. ಸುಮಾರು ಏಳೂವರೆ ತಿಂಗಳ ಬಳಿಕ ವೈದ್ಯರು, ಇನ್ನು ವಾಸಿಯಾಗದು, ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಎಂದು ಹೇಳಿ ಕಳಿಸಿಬಿಟ್ಟರು.

ಆಗ ಅವನನ್ನು ಮನೆಗೆ ಕರೆದುಕೊಂಡು ಹೋದವನು ಎರ್ನ್‌ಸ್ಟ್ ಝಿಮ್ಮರ್ ಎಂಬ ಬಡಗಿ. ಅವನು ನೆಂಟನಲ್ಲ, ಬಾಲ್ಯದ ಗೆಳೆಯನೂ ಅಲ್ಲ. ಕವಿಯ 'ಹೈಪೇರಿಯನ್' ಎಂಬ ಕಾದಂಬರಿಯನ್ನು ಓದಿ ಮೆಚ್ಚಿದ್ದ, ಅಷ್ಟೆ. ಇಂಥ ಮನಸ್ಸು ಹಾಳಾಗಿ ಹೋಗುವುದು ಅವನಿಗೆ ಸಹಿಸಲಾಗಲಿಲ್ಲ. ಗೋಪುರದ ಮಹಡಿಯಲ್ಲಿ, ನದಿ ಕಾಣುವ ಒಂದು ಕೋಣೆಯನ್ನು ಬಿಟ್ಟುಕೊಟ್ಟ.

ಮೂರು ವರ್ಷ ಎಂದಿದ್ದರು ವೈದ್ಯರು. ಕವಿ ಬದುಕಿದ್ದು 36 ವರ್ಷ! ಅವನ ಆಯುಷ್ಯದ ಸರಿ ಅರ್ಧದಷ್ಟು.

ಖರ್ಚಿಗೆ ಕವಿಯ ತಾಯಿಯ ಕಡೆಯಿಂದ ಹಣ ಬರುತ್ತಿತ್ತು, ಸರಕಾರದಿಂದಲೂ ಅಲ್ಪ ವೇತನವಿತ್ತು. ಝಿಮ್ಮರ್ ಲೆಕ್ಕ ಬರೆದು ಕಳಿಸುತ್ತಿದ್ದ. ಆ ಲೆಕ್ಕದ ಪತ್ರಗಳು ಇಂದಿಗೂ ಉಳಿದಿವೆ. ಲೆಕ್ಕದ ಜೊತೆಗೆ ರೋಗಿಯ ಆರೋಗ್ಯ ಹೇಗಿದೆ ಎಂಬ ವಿವರವೂ ಅವುಗಳಲ್ಲಿದೆ. ಆದರೆ ಊಟ, ಬಟ್ಟೆಗೆ ಲೆಕ್ಕ ಬರೆಯಬಹುದು. ಮೂವತ್ತಾರು ವರ್ಷಗಳ ರಾತ್ರಿಗಳಿಗೆ ಯಾರು ತಾನೆ ಲೆಕ್ಕ ಬರೆದಾರು? ಹೋಲ್ಡರ್‌ಲಿನ್ ಕೋಣೆಯಲ್ಲಿ ಗಂಟೆಗಟ್ಟಲೆ ಅತ್ತಿಂದಿತ್ತ ನಡೆಯುತ್ತಿದ್ದ. ತನ್ನಷ್ಟಕ್ಕೆ ಮಾತಾಡುತ್ತಿದ್ದ. ಪಿಯಾನೋ ನುಡಿಸುತ್ತಿದ್ದ. ನೋಡಲು ಬಂದವರಿಗೆ ಬಾಗಿ ವಂದಿಸಿ 'ಮಹಾಪ್ರಭುಗಳೇ' ಎಂದು ಕರೆಯುತ್ತಿದ್ದ. ಕೇಳಿದವರಿಗೆ ಪದ್ಯ ಬರೆದುಕೊಟ್ಟು ಕೆಳಗೆ ಬೇರೆ ಯಾರದೋ ಹೆಸರು, ಎಂದೋ ಒಂದು ತಾರೀಖು ಹಾಕುತ್ತಿದ್ದ. 1838ರಲ್ಲಿ ಝಿಮ್ಮರ್ ತೀರಿಕೊಂಡ. ಮನೆಯವರು ರೋಗಿಯನ್ನು ಹೊರಗೆ ಹಾಕಲಿಲ್ಲ. ಮಗಳು ಲೋಟೆ ಆರೈಕೆಯನ್ನು ಮುಂದುವರಿಸಿದಳು. 1843ರ ಜೂನ್ 7ರ ರಾತ್ರಿ ಕವಿ ಕೊನೆಯುಸಿರೆಳೆದಾಗ ಅವನ ಸೋದರನಿಗೆ ಸುದ್ದಿ ಬರೆದವಳೂ ಅವಳೇ. ಅದೇ ವರ್ಷ, ಅದಾಗಿ ಒಂದು ತಿಂಗಳೂ ಕಳೆಯುವ ಮೊದಲು ಮಂಗಳೂರಿನಲ್ಲಿ ಮೋಗ್ಲಿಂಗ್ ತಮ್ಮ ಪತ್ರಿಕೆಯ ಮೊದಲ ಸಂಚಿಕೆ ಹೊರತಂದರು. ವಿದ್ಯಾರ್ಥಿಯಾಗಿದ್ದಾಗ ಅವರು ಈ ಗೋಪುರದ ಪಕ್ಕದಲ್ಲಿ ಎಷ್ಟು ಸಲ ಹಾದುಹೋಗಿರಬೇಕು!

ಅತ್ತೆಯ ಪ್ರಶ್ನೆ

ಗೋಡೆಯ ಮೇಲಿದ್ದುದನ್ನು ಓದಿ ಓದಿ ಅತ್ತೆಗೆ ಹೇಳುತ್ತಿದ್ದೆ. ಅವರು ಕಿಟಕಿಯ ಬಳಿ ನಿಂತು ನದಿ ನೋಡುತ್ತಾ ಕೇಳುತ್ತಿದ್ದರು. ಕವಿತೆಯ ಬಗ್ಗೆ ಅವರು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ಅವನಿಗೆ ಸ್ನಾನ ಮಾಡಿಸುತ್ತಿದ್ದದ್ದು ಯಾರು ಮಗಳೇ?" ಎಂದರು.

ನನಗೆ ಉತ್ತರ ಗೊತ್ತಿರಲಿಲ್ಲ. "ರಾತ್ರಿ ಎದ್ದು ಹೊರಗೆ ಹೋದರೆ? ಪಕ್ಕದಲ್ಲೇ ನೀರು. ಬಾಗಿಲಿಗೆ ಚಿಲಕ ಹಾಕಿ ಯಾರು ಎಚ್ಚರ ಇರುತ್ತಿದ್ದರು?"

ನಮ್ಮ ಮಾವನವರಿಗೆ ಮರೆವಿನ ಕಾಯಿಲೆ ಇತ್ತು. ಒಂಬತ್ತು ವರ್ಷ ಅತ್ತೆ ಅವರನ್ನು ನೋಡಿಕೊಂಡರು. ಮಕ್ಕಳೆಲ್ಲ ದೂರದಲ್ಲಿದ್ದೆವು. ಹಣ ಕಳಿಸುತ್ತಿದ್ದೆವು, ರಜೆಯಲ್ಲಿ ಹೋಗುತ್ತಿದ್ದೆವು. ಆ ವರ್ಷಗಳ ಬಗ್ಗೆ ಅತ್ತೆ ಯಾರಲ್ಲೂ ಹೆಚ್ಚು ಮಾತನಾಡಿದವರಲ್ಲ. ಅಂದು ಆ ಗೋಪುರದ ಕೋಣೆಯಲ್ಲಿ, ಪರಕೀಯರ ನಡುವೆ, ಮೊದಲ ಬಾರಿ ಹೇಳಿದರು.

"ಕೊನೆಯ ಎರಡು ವರ್ಷ ನನ್ನ ಗುರುತೇ ಇರಲಿಲ್ಲ. ಊಟ ಮಾಡಿಸಿ ಬಾಯಿ ಒರೆಸಿದರೆ, 'ನಿಮಗೆ ಬಹಳ ತೊಂದರೆ ಆಯಿತು. ನೀವು ಯಾರ ಮನೆಯವರು? ನಿಮ್ಮ ಮನೆಯಲ್ಲಿ ಕಾಯುತ್ತಿರಬಹುದು, ಹೊರಡಿ' ಎನ್ನುತ್ತಿದ್ದರು. ನಾನು 'ಆಯ್ತು, ಹೋಗುತ್ತೇನೆ' ಎಂದು ಅಡುಗೆ ಮನೆಗೆ ಹೋಗಿ ಮತ್ತೆ ಬರುತ್ತಿದ್ದೆ."

ಮಕ್ಕಳ ತಂದೆ ಪಕ್ಕದಲ್ಲೇ ಇದ್ದರು. ಅವರು ಏನೂ ಹೇಳಲಿಲ್ಲ, ತಾಯಿಯ ಕೈ ಹಿಡಿದುಕೊಂಡು ನಿಂತರು. ಮಗಳು ಮಾತ್ರ, "ನಿಮಗೆ ಬೇಜಾರಾಗುತ್ತಿರಲಿಲ್ಲವಾ ಅಜ್ಜೀ?" ಎಂದು ಕೇಳಿದಳು.

"ಆಗುತ್ತಿತ್ತು. ಆದರೆ ನೋಡು, ಗುರುತಿಲ್ಲದವಳಿಗೂ ಅವರು ಎಷ್ಟು ಮರ್ಯಾದೆಯಿಂದ ಮಾತನಾಡುತ್ತಿದ್ದರು" ಎಂದರು ಅತ್ತೆ. ಬಳಿಕ ಗೋಡೆಯ ಕಡೆ ತೋರಿಸಿ, "ಆ ಬಡಗಿಯ ಮಗಳ ಹೆಸರು ಏನೆಂದೆ?" ಎಂದು ಕೇಳಿ, ಲೋಟೆ ಎಂಬ ಹೆಸರನ್ನು ಎರಡು ಸಲ ಹೇಳಿ ನೆನಪಿಟ್ಟುಕೊಂಡರು.

ಪಾಶ್ಚಾತ್ಯರು ಹೆತ್ತವರನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತಾರೆ, ನಾವು ಹಾಗಲ್ಲ ಎಂಬ ಮಾತನ್ನು ನಾವು ಆಗಾಗ ಹೇಳುತ್ತಿರುತ್ತೇವೆ. ಆ ಮಾತಿನಲ್ಲಿ ಪೂರ್ತಿ ಸತ್ಯವಿಲ್ಲ. ಜರ್ಮನಿಯಲ್ಲಿ ಆರೈಕೆ ಬೇಕಾದವರ ಖರ್ಚಿನ ಒಂದು ಭಾಗ ಭರಿಸಲು 1995ರಿಂದ ಪ್ರತ್ಯೇಕ ವಿಮೆಯೇ ಇದೆ. ಮನೆಯಲ್ಲೇ ನೋಡಿಕೊಳ್ಳುವವರಿಗೂ ಅದರಿಂದ ಹಣ ಸಿಗುತ್ತದೆ. ನಮ್ಮೂರಲ್ಲಿ ಅಂಥದ್ದೇನೂ ಇಲ್ಲ. ನಮ್ಮಲ್ಲಿ 'ಮನೆಯವರು ನೋಡಿಕೊಳ್ಳುತ್ತಾರೆ' ಎಂದರೆ ಹೆಚ್ಚಾಗಿ ಒಬ್ಬ ಹೆಂಗಸು ನೋಡಿಕೊಳ್ಳುತ್ತಾಳೆ ಎಂದೇ ಅರ್ಥ. ಅವಳಿಗೆ ಒಂದು ದಿನ ಬಿಡುವು ಸಿಗುತ್ತದೆಯೇ, ಅವಳು ಮಲಗಿ ಎಷ್ಟು ದಿನವಾಯಿತು ಎಂದು ಕೇಳುವವರು ಕಡಿಮೆ. ಅಂದು ಸಂಜೆಯೊಳಗೆ ಪತಿ ಮತ್ತು ನಾನು ಒಂದು ವಿಷಯ ಮಾತನಾಡಿ ನಿರ್ಧರಿಸಿದೆವು. ಅತ್ತೆಗೆ ಆರೈಕೆ ಬೇಕಾದ ದಿನ ಬಂದರೆ ಯಾರು, ಎಲ್ಲಿ, ಹೇಗೆ ಎಂಬುದನ್ನು ಒಡಹುಟ್ಟಿದವರೆಲ್ಲ ಕೂಡಿ ಈಗಲೇ ಮಾತನಾಡಬೇಕು, ಅವರನ್ನೂ ಕೂರಿಸಿಕೊಂಡೇ ಮಾತನಾಡಬೇಕು.

ಕೋಟೆ, ಗಡಿಯಾರ, ದೋಣಿ

ಮಧ್ಯಾಹ್ನದ ಬಳಿಕ ಮಕ್ಕಳು ತಂದೆಯೊಂದಿಗೆ ಬೆಟ್ಟದ ಮೇಲಿನ ಕೋಟೆಗೆ ಹೋದರು. ದಾರಿ ಕಡಿದು, ಹಾಸುಗಲ್ಲಿನದು. ಅತ್ತೆಗೆ ಕಷ್ಟವೆಂದು ನಾವಿಬ್ಬರೂ ಮಾರುಕಟ್ಟೆ ಚೌಕದಲ್ಲಿ ಉಳಿದೆವು. ಅಲ್ಲಿ 1435ರಲ್ಲಿ ಕಟ್ಟಿದ ಪುರಭವನವಿದೆ. ಗೋಡೆಯ ತುಂಬಾ ಚಿತ್ತಾರ. ಅದರ ಮೇಲೆ 1511ರ ಖಗೋಳ ಗಡಿಯಾರ. ಸೂರ್ಯ, ಚಂದ್ರರ ಸ್ಥಾನವನ್ನು ಅದು ತೋರಿಸುತ್ತದೆ. "ಹಾಗಾದರೆ ಇವರಿಗೆ ಚಂದ್ರನನ್ನು ನೋಡಲು ಗುಡ್ಡ ಹತ್ತಬೇಕಾಗಿಲ್ಲ" ಎಂದು ಅತ್ತೆ ನಕ್ಕರು. ಬೆಳಗ್ಗಿನಿಂದ ಅವರು ಮನಬಿಚ್ಚಿ ನಕ್ಕದ್ದು ಆಗಲೇ.

ಮಕ್ಕಳು ಕೋಟೆಯಿಂದ ಉತ್ಸಾಹದಿಂದ ಮರಳಿದರು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ, ಸಮೀಪದ ಗುಹೆಯೊಂದರಲ್ಲಿ 1931ರಲ್ಲಿ ಸಿಕ್ಕ, ಬೃಹದ್ಗಜದ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ. ಐದು ಸೆಂಟಿಮೀಟರ್‌ಗಿಂತಲೂ ಚಿಕ್ಕದು. ಕೆತ್ತಿ 35 ಸಾವಿರ ವರ್ಷಗಳಿಗೂ ಮಿಕ್ಕಿದೆ! ಇಂಥ ಕಲಾಕೃತಿಗಳು ಸಿಕ್ಕ ಗುಹೆಗಳನ್ನು ಯುನೆಸ್ಕೋ 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮಗನಿಗೆ ಹೆಚ್ಚು ಹಿಡಿಸಿದ್ದು ಕೋಟೆಯ ಹಳೆಯ ಅಡುಗೆ ಮನೆ. ಅದನ್ನು ಪ್ರಯೋಗಾಲಯ ಮಾಡಿಕೊಂಡಿದ್ದಾಗ ಫ್ರೀಡ್ರಿಶ್ ಮೀಶರ್ ಎಂಬ ಯುವ ವಿಜ್ಞಾನಿ 1869ರಲ್ಲಿ, ಇಂದು ನಾವು ಡಿಎನ್ಎ ಎಂದು ಕರೆಯುವ ವಸ್ತುವನ್ನು ಮೊದಲ ಬಾರಿ ಬೇರ್ಪಡಿಸಿದ. ಯಾವುದರಿಂದ ಗೊತ್ತೇ? ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟಿ ಬಿಸಾಡಿದ ಬಟ್ಟೆಯ ಕೀವಿನಿಂದ!

ಕೊನೆಗೆ ದೋಣಿ ವಿಹಾರ. ಟ್ಯೂಬಿಂಗೆನ್‌ಗೆ ಬಂದು ದೋಣಿ ಹತ್ತದೆ ಹೋಗಬಾರದು. ಚಪ್ಪಟೆ ತಳದ, ಉದ್ದನೆಯ ಮರದ ದೋಣಿಗಳಿವು. ಹುಟ್ಟು ಇಲ್ಲ, ಯಂತ್ರವೂ ಇಲ್ಲ. ಹಿಂದೆ ನಿಂತವರು ಉದ್ದನೆಯ ಗಳವನ್ನು ನದಿಯ ತಳಕ್ಕೆ ಊರಿ ದೋಣಿಯನ್ನು ಮುಂದಕ್ಕೆ ದೂಡುತ್ತಾರೆ. ನಮ್ಮ ದೋಣಿ ನಡೆಸಿದವಳು ಒಬ್ಬ ವಿದ್ಯಾರ್ಥಿನಿ. ಪ್ರತಿ ವರ್ಷ ಬೇಸಿಗೆಯ ಆರಂಭದಲ್ಲಿ ಇಲ್ಲಿ ದೋಣಿ ಪಂದ್ಯ ನಡೆಯುತ್ತದೆಯಂತೆ. ಸೋತ ತಂಡದವರು ಮೀನೆಣ್ಣೆ ಕುಡಿಯಬೇಕು! ಅದನ್ನು ಕೇಳಿ ಮಕ್ಕಳು ಮುಖ ಸಿಂಡರಿಸಿದರು. ಅತ್ತೆಗೆ ಮಾತ್ರ ಆ ಗಳದಿಂದ ಕಣ್ಣು ಕೀಳಲಾಗಲಿಲ್ಲ. ಅವರು ಸಣ್ಣವರಿದ್ದಾಗ ಕಡವಿನ ದೋಣಿಯನ್ನು ಹೀಗೆಯೇ ದೂಡುತ್ತಿದ್ದರಂತೆ. ದೋಣಿ ಹಳದಿ ಗೋಪುರದ ಕೆಳಗೆ ಸಾಗಿದಾಗ ಅವರು ತಲೆಯೆತ್ತಿ ಮಹಡಿಯ ಕಿಟಕಿಯನ್ನು ನೋಡಿದರು.

ಹೋಗುವವರಿಗೆ ಕೆಲವು ಮಾತು

ಟ್ಯೂಬಿಂಗೆನ್‌ಗೆ ಎಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೋಗುವುದು ಒಳ್ಳೆಯದು. ದೋಣಿಗಳು ಇರುವುದೂ ಆಗಲೇ. ವಸ್ತುಸಂಗ್ರಹಾಲಯಗಳಿಗೆ ವಾರದಲ್ಲಿ ರಜಾ ದಿನಗಳಿರುತ್ತವೆ, ವಿಚಾರಿಸಿಯೇ ಹೊರಡಿ. ಪ್ರಾಯದವರಿದ್ದರೆ ಹಾಸುಗಲ್ಲಿನ ಬೀದಿಗೆ ತಕ್ಕ ಪಾದರಕ್ಷೆ ಹಾಕಿಸಿ. ಈ ಸೀಮೆಯ ಹೆಸರಾಂತ ತಿಂಡಿ 'ಮೌಲ್‌ಟಾಶೆ'ಯ ಒಳಗೆ ಸಾಮಾನ್ಯವಾಗಿ ಹಂದಿ ಮಾಂಸ ಇರುತ್ತದೆ, ತರಕಾರಿಯದ್ದೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಬೆಣ್ಣೆ ಸವರಿದ 'ಬ್ರೆಟ್ಸೆಲ್' ಎಂಬ ಗಂಟು ಹಾಕಿದಂಥ ರೊಟ್ಟಿ ಮಕ್ಕಳಿಗೆ ಇಷ್ಟವಾಗುತ್ತದೆ.

ಮತ್ತು ಗೋಪುರದ ಬಳಿ ಫೋಟೋ ತೆಗೆಯುವಾಗ ಕವಿಯ ಜೊತೆಗೆ ಆ ಬಡಗಿಯನ್ನೂ ಅವನ ಮಗಳನ್ನೂ ನೆನೆಯಿರಿ. ಈ ಊರು ಜಗತ್ತಿಗೆ ತತ್ವಜ್ಞಾನಿಗಳನ್ನು ಕೊಟ್ಟಿದೆ, ವಿಜ್ಞಾನಿಗಳನ್ನು ಕೊಟ್ಟಿದೆ, ನಮಗೆ ಪತ್ರಿಕೆಯನ್ನೂ ನಿಘಂಟನ್ನೂ ಕೊಟ್ಟ ವಿದ್ವಾಂಸರನ್ನು ಕಂಡಿದೆ. ಅವರೆಲ್ಲರ ಹೆಸರು ಗ್ರಂಥಗಳಲ್ಲಿವೆ. ದಿನವೂ ಒಬ್ಬ ರೋಗಿಯ ತಲೆ ಬಾಚಿ, ಊಟ ಕೊಟ್ಟು, ಬಾಗಿಲ ಬಳಿ ಎಚ್ಚರವಿದ್ದವರ ಹೆಸರು ಉಳಿಯುವುದು ಅಪರೂಪ. ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇರಬಹುದು. ಒಂದು ಮಧ್ಯಾಹ್ನ ಹೋಗಿ, "ಎರಡು ಗಂಟೆ ನಾನು ಇಲ್ಲಿ ಕೂರುತ್ತೇನೆ, ನೀವು ಸ್ವಲ್ಪ ಮಲಗಿ" ಎಂದು ಹೇಳಿ ನೋಡಿ.